ಮಜ್ಜಿಗೆ ತಾಯಕ್ಕನ ಕದ

ನಾನು ಒಂಬತ್ತು ವರ್ಷದವಳಿದ್ದಾಗ ಅವ್ವನ ಸೆರಗು ಹಿಡಿದು ಹೊಳೆ ದಾಟಿ ಈ ಊರಿಗೆ ಬಂದೆ. ಈಗ ನನಗೆ ಅರವತ್ತೆಂಟು. ಇಷ್ಟು ವರ್ಷ ಇಲ್ಲೇ ಉಂಡಿದ್ದೇನೆ, ಇಲ್ಲೇ ಜಗಳವಾಡಿದ್ದೇನೆ, ಇಲ್ಲೇ ಮೊಮ್ಮಕ್ಕಳ ಕಿವಿ ಹಿಂಡಿದ್ದೇನೆ. ಆದರೂ ಸಂತೆಯಲ್ಲಿ ಹೊಸಬರು ಯಾರಾದರೂ "ನಿಮ್ಮದು ಇದೇ ಊರೇನಮ್ಮಾ?" ಎಂದು ಕೇಳಿದರೆ ಪೇಚಿಗೆ ಸಿಕ್ಕುತ್ತೇನೆ. ಹೌದು ಎಂದರೆ ಅಪ್ಪನಿಗೆ ಮೋಸ ಮಾಡಿದಂತೆ, ಅಲ್ಲ ಎಂದರೆ ಸಾಕಜ್ಜಿಗೆ ಮೋಸ ಮಾಡಿದಂತೆ. ಅದಕ್ಕೇ "ಬದನೆಕಾಯಿ ಎಳೇದಿದೆ, ತಗೊಳ್ಳಿ" ಎಂದು ಮಾತು ಮರೆಸಿಬಿಡುತ್ತೇನೆ.

ಈ ಊರಿನ ಕದಗಳಿಗೆ ಬೀಗವಿಲ್ಲ, ಅಗಳಿಯಿಲ್ಲ. ಒಂದೊಂದು ಕದಕ್ಕೆ ಒಂದೊಂದು ತಟ್ಟು. ಅದನ್ನು ಸರಿಯಾಗಿ ತಟ್ಟಿದರೆ ಕದ ತಾನೇ ತೆರೆದುಕೊಳ್ಳುತ್ತದೆ, ಒಳಗೆ ಹೋದಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಪೆಟ್ಟು ಹೆಚ್ಚುಕಮ್ಮಿಯಾದರೂ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ಮೊದಲು ಕಲಿಸುವುದು ಅಡುಗೆಯನ್ನಲ್ಲ, ಮನೆಯ ತಟ್ಟನ್ನು. ಅತ್ತೆಗೆ ಮುನಿಸಿದ್ದರೆ ಒಂದು ಪೆಟ್ಟು ನುಂಗಿ ಕಲಿಸುವುದೂ ಉಂಟು. ಆಗ ಪಾಪ, ಸೊಸೆ ಗಂಡ ಬರುವತನಕ ಜಗಲಿಯ ಮೇಲೆ ಅಕ್ಕಿ ಆರಿಸುವ ನಾಟಕ ಮಾಡಬೇಕು. ಕುಡಿದು ಬಂದ ಗಂಡಸರ ಪಾಡಂತೂ ಕೇಳಲೇಬೇಡಿ. ಇನ್ನೊಂದು ಶಿಸ್ತು ಇದೆ. ಯಾರಾದರೂ ಕದ ತಟ್ಟುವಾಗ ಹತ್ತಿರ ನಿಂತವರು ಅತ್ತ ತಿರುಗಿ ಏನಾದರೂ ಗುನುಗಬೇಕು. ಬೇರೆಯವರ ತಟ್ಟನ್ನು ಕೇಳಿಸಿಕೊಳ್ಳುವುದು ಇಲ್ಲಿ ಬಚ್ಚಲಿಗೆ ಇಣುಕಿದಷ್ಟೇ ನಾಚಿಕೆಗೇಡು.

ಈ ಶಿಸ್ತು ನಮಗೆಲ್ಲಿ ಗೊತ್ತು? ನಾವು ಬಂದ ಹೊಸತರಲ್ಲಿ ಇಡೀ ದಿನ ಬೀದಿ ತುಂಬ ಟಕಟಕ ಸದ್ದು, ಅದರ ಜೊತೆಗೆ ಗುನುಗು. ನಾನು ಕಣ್ಣರಳಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಅವ್ವನಿಗೆ ಮಾತ್ರ ಪ್ರತಿ ಸದ್ದಿಗೂ ಜೀವ ಬಾಯಿಗೆ ಬರುತ್ತಿತ್ತು. ಎಲ್ಲಿ ಟಕ್ ಎಂದರೂ ನನ್ನನ್ನು ಬರಸೆಳೆದು ಬಾಯಿ ಮುಚ್ಚುತ್ತಿದ್ದಳು. ಅವಳ ಅಂಗೈ ನನ್ನ ಹಲ್ಲಿಗೆ ಒತ್ತಿ ನೋಯುತ್ತಿತ್ತು, ಆದರೆ ನಾನು ಕೊಸರಿಕೊಳ್ಳುತ್ತಿರಲಿಲ್ಲ.

ಯಾಕೆಂದರೆ ಹೊಳೆಯಾಚೆ ನಮ್ಮೂರಿನಲ್ಲಿ ಮೂರು ವರ್ಷದಿಂದ ಕದ ತಟ್ಟುತ್ತಿದ್ದವರು ಬೂಟಿನವರು ಮಾತ್ರ. ಅವರು ತಟ್ಟಿದ ಮನೆಯಿಂದ ಒಬ್ಬರನ್ನಾದರೂ ಕರೆದೊಯ್ಯದೆ ಹೋಗುತ್ತಿರಲಿಲ್ಲ. ಹಾಗಾಗಿ ಊರವರು ಕದ ತಟ್ಟುವುದನ್ನೇ ಬಿಟ್ಟರು. ಒಬ್ಬಳು ಬಳೆ ಆಡಿಸುವಳು, ಒಬ್ಬ ಉಗುರಿನಿಂದ ಗೋಡೆ ಕೆರೆಯುವನು. ನನ್ನ ಅಪ್ಪ ಎರಡು ಸಲ ಕೆಮ್ಮಿ ಆಮೇಲೆ ಮೂಗಿನಲ್ಲಿ ಎತ್ತಿನ ಹಾಗೆ ಒಂದು ಸಲ ಬುಸ್ ಎನ್ನುತ್ತಿದ್ದ. "ಗೂಳಿ ಬಂತು, ಹುಲ್ಲು ಹಾಕೇ ಹೂವೀ" ಎಂದು ಅವ್ವ ನಗುತ್ತಿದ್ದಳು. ಹೂವಿ ಎಂದರೆ ನಾನು. ಅಪ್ಪ ಬುಟ್ಟಿ ಹೆಣೆಯುತ್ತಿದ್ದ. ಅವನ ಬೆರಳುಗಳಲ್ಲಿ ಯಾವಾಗಲೂ ಹಸಿ ಬಿದಿರಿನ ವಾಸನೆ ಇರುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ ಜ್ವರ ಬಂದು ಮಲಗಿದ್ದ. ಕದದ ಮೇಲೆ ಮೂರು ಸಲ ಮೆತ್ತಗೆ, ಒಂದೇ ಬೆರಳಿನಲ್ಲಿ ತಟ್ಟಿದ ಸದ್ದಾಯಿತು. ಮಗು ತಟ್ಟಿದ ಹಾಗಿತ್ತು. ಪಕ್ಕದ ಮನೆಯ ಸೀಗಿ ಆಡಲಿಕ್ಕೆ ಬಂದಿದ್ದಾಳೆ, ಬಳೆ ಆಡಿಸಲು ಮರೆತಿದ್ದಾಳೆ ಎಂದುಕೊಂಡು ನಾನು ಅಗಳಿ ತೆಗೆದೆ. ಬೂಟಿನವರು ನಾಲ್ವರಿದ್ದರು. ಅವರಲ್ಲೊಬ್ಬ ನನ್ನ ಗಲ್ಲ ಚಿವುಟಿ ಒಳಗೆ ಹೋದ. ಅಪ್ಪನನ್ನು ಕಂಬಳಿ ಸಮೇತ ಎಬ್ಬಿಸಿಕೊಂಡು ಹೋದರು.

ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನಾನು ಯಾವ ಕದವನ್ನೂ ಮುಟ್ಟುವುದಿಲ್ಲ ಎಂದು ನನ್ನಷ್ಟಕ್ಕೆ ಆಣೆ ಹಾಕಿಕೊಂಡೆ.

ಈ ಊರಿನ ಹಿರಿಯರು ಕೆಟ್ಟವರಲ್ಲ. ಹೊಳೆ ದಾಟಿ ಬಂದವರು ಮಳೆಗಾಲ ಮುಗಿಯುವತನಕ ಯಾರದಾದರೂ ಜಗಲಿಯಲ್ಲಿ ಇರಬಹುದು ಎಂದರು. ಮಳೆ ನಿಂತಮೇಲೆ ಲಾರಿ ಬರುತ್ತದೆ, ಏಳು ದಿನದ ದಾರಿಯಾಚೆ ದೊಡ್ಡ ಶಿಬಿರವಿದೆ, ಅಲ್ಲಿಗೆ ಹೋಗಬೇಕು. "ಊರಲ್ಲಿ ತಟ್ಟು ಮರೆತುಹೋಗಿರೋ ಮನೆ ಏಳಿವೆ. ಯಾವುದನ್ನಾದ್ರೂ ತೆಗೀರಿ, ಅದು ನಿಮ್ದೇ" ಎಂದೂ ಸೇರಿಸಿದರು. ತೆಗೆಯಲಾರರು ಎಂದು ಗೊತ್ತಿದ್ದೇ ಹೇಳಿದ ಮಾತು. ಊರಿನ ಕದಗಳನ್ನು ನೋಡಿಕೊಳ್ಳುತ್ತಿದ್ದ ಓಬಳಯ್ಯ ಮೇಸ್ತ್ರಿಯೇ ಆ ಏಳರ ಮುಂದೆ ಸೋತು ಗೆಣ್ಣು ಸವೆಸಿಕೊಂಡಿದ್ದ. ಒಡೆಯಲು ಹೋದರೆ ಕೊಡಲಿಯ ಕಾವು ಮುರಿಯುತ್ತಿತ್ತೇ ಹೊರತು ಕದಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ.

ಅವ್ವನಿಗೆ ಶಿಬಿರದ ಮಾತೇ ಬೇಡವಾಗಿತ್ತು. "ಹೊಳೆ ಬಿಟ್ಟು ಏಳು ದಿನ ದೂರ ಹೋದ್ರೆ ನಿಮ್ಮಪ್ಪ ನಮ್ಮನ್ನ ಎಲ್ಲೀಂತ ಹುಡುಕ್ತಾನೆ?" ಎನ್ನುವಳು. ಹೊಳೆ ಕಾಣುವ ಜಾಗದಲ್ಲೇ ಇರಬೇಕು ಎಂಬುದೊಂದೇ ಅವಳ ಹಟ.

ನಾವಿದ್ದದ್ದು ಸಾಕಜ್ಜಿಯ ಜಗಲಿಯಲ್ಲಿ. ಸಾಕಜ್ಜಿಗೆ ಎಪ್ಪತ್ತು ದಾಟಿತ್ತು, ಒಂಟಿ ಜೀವ, ಬಾಯಿ ಮಾತ್ರ ಬಲು ಜೋರು. ಮೊದಲ ದಿನವೇ ನನ್ನ ತಲೆ ನೋಡಿ "ಇದೇನೇ ತಲೆಯೋ ಹೇನಿನ ತವರೋ?" ಎಂದು ಬೇವಿನೆಣ್ಣೆ ಮೆತ್ತಿದಳು. ಅವಳ ಮನೆಗೆ ಒತ್ತಿಕೊಂಡೇ ಒಂದು ಮುಚ್ಚಿದ ಮನೆ ಇತ್ತು. ಮಜ್ಜಿಗೆ ಮಾರುತ್ತಿದ್ದ ತಾಯಕ್ಕ ಎಂಬವಳು ಅಲ್ಲಿ ಒಬ್ಬಳೇ ಇದ್ದಳಂತೆ. ಯಾವುದೋ ದೂರದ ಸಂತೆಗೆ ಹೋದವಳು ಅಲ್ಲೇ ತೀರಿಕೊಂಡಳು. ಹದಿನಾಲ್ಕು ವರ್ಷದಿಂದ ಆ ಕದ ಮುಚ್ಚಿಯೇ ಇತ್ತು.

ಒಂದು ಬೆಳಗ್ಗೆ ಸಾಕಜ್ಜಿ ಹೂವು ಕೊಯ್ದುಕೊಂಡು ಬಂದು ತನ್ನ ಕದದ ಮುಂದೆ ಕೈ ಎತ್ತಿ ಹಾಗೇ ನಿಂತಳು. ತಟ್ಟಿದಳು, ತೆರೆಯಲಿಲ್ಲ. ಇನ್ನೊಂದು ಥರ ತಟ್ಟಿದಳು, ತೆರೆಯಲಿಲ್ಲ. ಎದುರು ಮನೆಯವರು ಹೊರಗೆ ಬಂದದ್ದೇ ತಡ, ಅಜ್ಜಿ ಜಗಲಿಯ ಮೇಲೆ ಕೂತು "ಅಬ್ಬಾ, ಏನ್ ಗಾಳಿ ಬೀಸ್ತಿದೆ ಇವತ್ತು!" ಎಂದು ಸೆರಗಿನಲ್ಲಿ ಬೀಸಿಕೊಳ್ಳತೊಡಗಿದಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ತನ್ನ ಮನೆಯ ತಟ್ಟನ್ನೇ ಮರೆತವರನ್ನು ಇಲ್ಲಿ ಬುದ್ಧಿ ಕೆಟ್ಟವರು ಎಂದು ಮೂಲೆಗೆ ಕೂರಿಸುತ್ತಾರೆ. ಆ ಜೋರುಬಾಯಿಯ ಮುದುಕಿ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ, ನನಗೆ ಅಳು ಬಂತು.

ನನಗೆ ಅವಳ ತಟ್ಟು ಗೊತ್ತಿತ್ತು. ಇಪ್ಪತ್ತು ದಿನದಿಂದ ಅದರ ಬುಡದಲ್ಲೇ ಮಲಗಿದ್ದೆನಲ್ಲ. ಆದರೆ ಕದ ಮುಟ್ಟುವುದಿಲ್ಲ ಎಂಬ ಆಣೆ. ಏನು ಮಾಡಲಿ? ಅಜ್ಜಿಯ ಹಿಂದೆ ಹೋಗಿ ಕೂತು "ಬೆನ್ನು ಒತ್ಲಾ ಅಜ್ಜಿ?" ಎಂದೆ. ಒತ್ತುವ ನೆಪದಲ್ಲಿ ಅವಳ ಬೆನ್ನ ಮೇಲೆ ಆ ತಟ್ಟನ್ನು ತಟ್ಟಿದೆ. ಎರಡು, ಬಿಡುವು, ಒಂದು, ಮತ್ತೆ ಮೂರು. ಅಜ್ಜಿಯ ಬೀಸುವ ಕೈ ನಿಂತಿತು. ಇನ್ನೊಮ್ಮೆ ತಟ್ಟಿದೆ. ಅಜ್ಜಿ ಸರಕ್ಕನೆ ಎದ್ದು ಹೋಗಿ ಕದ ತಟ್ಟಿದಳು. ಕದ ತೆರೆಯಿತು. ಅಜ್ಜಿ ಹಿಂತಿರುಗಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಕಳ್ಳ ಮುಂಡೇದೆ, ಒಳಗ್ ಬಾ, ದೋಸೆ ಹುಯ್ತೀನಿ" ಎಂದಳು.

ಅಲ್ಲಿಂದ ಅದು ನಮ್ಮಿಬ್ಬರ ಗುಟ್ಟು. ಮರೆತ ದಿನವೆಲ್ಲ ಅಜ್ಜಿ ಬೀದಿಗೆ ಕೇಳುವಂತೆ "ಹೂವೀ, ಬೆನ್ನು ನೋಯ್ತಿದೆ ಬಾರೇ" ಎನ್ನುವಳು, ನಾನು ಓಡುವೆನು. ಆ ಎರಡು ತಿಂಗಳನ್ನು ನೆನೆದರೆ ಈಗಲೂ ಮೂಗಿಗೆ ದೋಸೆಯ ಘಮ ಬರುತ್ತದೆ. ಅಪ್ಪ ಹೋದಮೇಲೆ ನಾನು ಯಾರಿಗೋ ಬೇಕಾದವಳು ಅನ್ನಿಸಿದ್ದು ಆಗಲೇ.

ಮಳೆ ನಿಂತಿತು. ನಾಳಿದ್ದು ಲಾರಿ ಬರುತ್ತದೆ ಎಂದು ಡಂಗುರವಾಯಿತು. ಅವ್ವ ಇದ್ದೆರಡು ಬಟ್ಟೆಯನ್ನು ಗಂಟು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದಳು. ನಾನು ತಾಯಕ್ಕನ ಕದದ ಮುಂದೆ ಹೋಗಿ ಕೂತೆ. ಮುಟ್ಟಲಿಲ್ಲ, ನೋಡಿದೆ ಅಷ್ಟೆ. ಈ ಊರಿನ ಎಲ್ಲ ಕದಗಳಲ್ಲೂ ಎದೆಯ ಎತ್ತರದಲ್ಲಿ ಗೆಣ್ಣು ತಾಗಿ ತಾಗಿ ಒಂದು ಗುಳಿ ಬಿದ್ದಿರುತ್ತದೆ. ತಾಯಕ್ಕನ ಕದದಲ್ಲಿ ಆ ಗುಳಿ ಇರಲಿಲ್ಲ. ಕೆಳಗೆ, ನೆಲದಿಂದ ಒಂದು ಮೊಳದಷ್ಟು ಮೇಲೆ, ಮರ ಸವೆದು ಹೊಳೆಯುತ್ತಿತ್ತು.

ಸಾಕಜ್ಜಿಯನ್ನು ಕೇಳಿದೆ. ಅವಳಿಗೆ ಬೆಳಗ್ಗೆ ಉಂಡದ್ದು ನೆನಪಿರುತ್ತಿರಲಿಲ್ಲ, ಹಳೆಯದೆಲ್ಲ ಕಣ್ಣ ಮುಂದೆ ಇರುತ್ತಿತ್ತು. "ಅವಳ ತಟ್ಟು ನಂಗೇನ್ ಗೊತ್ತೇ? ಮಧ್ಯಾಹ್ನ ಬರೋಳು, ಬೀದೀಲಿ ಯಾರೂ ಇರ್ತಿರಲಿಲ್ಲ. ನನಗೆ ಗೋಡೆ ಈಚೆಯಿಂದ ಗಡಿಗೆ ಇಳಿಸೋ ಸದ್ದು ಕೇಳೋದು. ದಡ್... ದಡ್ ದಡ್. ಮೂರು ಗಡಿಗೆ ಇಳಿಸ್ದಳು, ಇನ್ನು ಒಂದು ಲೋಟ ಮಜ್ಜಿಗೆ ಕೊಡ್ತಾಳೆ ಅಂತ ಕಾಯ್ತಿದ್ದೆ."

"ಮೂರು ಗಡಿಗೆ ಹೊರೋಳಾ ಅಜ್ಜಿ?"

"ಎಲ್ಲಿ ಮೂರು? ತಲೆ ಮೇಲೊಂದು, ಸೊಂಟದ ಮೇಲೊಂದು, ಎರಡೇ..."

"ಆ ಸದ್ದು ಆದ್ಮೇಲೆ ಕದ ಕಿರ್ ಅಂತಿತ್ತಾ, ಮುಂಚೇನಾ?"

"ಆದ್ಮೇಲೆ" ಎಂದಳು ಅಜ್ಜಿ. ಆಮೇಲೆ ಬಾಯಿಗೆ ಸೆರಗು ಮುಚ್ಚಿಕೊಂಡಳು. "ಅಯ್ಯೋ ಶಿವನೇ. ಕಾಲಲ್ಲಾ?"

ಕಾಲಿನಲ್ಲೇ. ತಲೆಯ ಮೇಲೊಂದು ಕೈ, ಸೊಂಟದ ಗಡಿಗೆಗೊಂದು ಕೈ, ಒಂಟಿ ಹೆಂಗಸು ಇನ್ನೇನು ಮಾಡಿಯಾಳು? ಬೆನ್ನು ತಿರುಗಿಸಿ ಹಿಮ್ಮಡಿಯಲ್ಲಿ ತಟ್ಟಿದ್ದಾಳೆ. ಈ ಊರಿನಲ್ಲಿ ಕದಕ್ಕೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದಕ್ಕೇ ತಾಯಕ್ಕ ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಓಬಳಯ್ಯ ಮೇಸ್ತ್ರಿ ಹದಿನಾಲ್ಕು ವರ್ಷ ಎದೆಯೆತ್ತರದಲ್ಲೇ ಗೆಣ್ಣು ಸವೆಸಿದ್ದ. ಇಷ್ಟು ತಿಳಿದ ಜನಕ್ಕೆ ಅದೊಂದು ಮಾತ್ರ ಹೊಳೆಯಲೇ ಇಲ್ಲ.

ಲಾರಿ ಬಂದ ಬೆಳಗ್ಗೆ ಅಜ್ಜಿ ಊರನ್ನೇ ಕೂಗಿ ಸೇರಿಸಿದಳು. ನಾನು ತಾಯಕ್ಕನ ಕದಕ್ಕೆ ಬೆನ್ನು ಮಾಡಿ ನಿಂತೆ. ನಾನು ಒಂದು ಕದ ತೆಗೆದು ಅಪ್ಪನನ್ನು ಕಳೆದವಳು, ಇನ್ನೊಂದು ತೆಗೆದು ಇನ್ನೇನು ಕಳೆಯುತ್ತೇನೋ. ನಾನು ಹಿಮ್ಮಡಿ ಎತ್ತಿದ್ದೇ ತಡ ಜನವೆಲ್ಲ "ಅಯ್ಯಯ್ಯೋ, ಕಾಲು!" ಎಂದರು. ಓಬಳಯ್ಯ "ಏಯ್ ಹುಡುಗೀ!" ಎಂದು ಗದರಿದ. ಅವ್ವ ಎರಡೂ ಕಿವಿ ಮುಚ್ಚಿಕೊಂಡು ಗಂಟಿನ ಮೇಲೆ ಕುಸಿದಳು. ತಟ್ಟಿದೆ. ದಡ್... ದಡ್ ದಡ್.

ಏನೂ ಆಗಲಿಲ್ಲ.

ಯಾರೋ ಕಿಸಕ್ಕೆಂದರು. ಲಾರಿಯವನು ಹಾರ್ನ್ ಹೊಡೆದ. ನಾನು ಮತ್ತೆ ತಟ್ಟಿದೆ, ಇಲ್ಲ. ಕಣ್ಣಲ್ಲಿ ನೀರು ತುಂಬಿತು. ಆಗ ಹೊಳೆಯಿತು: ನನ್ನ ಕೈ ಖಾಲಿ ಇದೆ. ಹೊರೆ ಹೊತ್ತವಳ ಹಿಮ್ಮಡಿ ಹೀಗೆ ಬೀಳುವುದಿಲ್ಲ. "ಗಡಿಗೆ ಬೇಕು, ನೀರು ತುಂಬಿರೋ ಎರಡು ಗಡಿಗೆ!" ಎಂದು ಕೂಗಿದೆ. ಅಜ್ಜಿ ತನ್ನ ಮನೆಯ ಗಡಿಗೆಗಳನ್ನು ತರಿಸಿದಳು. ಆದರೆ ಒಂಬತ್ತು ವರ್ಷದವಳ ತಲೆಗೆ ಹೊರಿಸುವವರು ಯಾರು? ಒಬ್ಬರೂ ಮುಂದೆ ಬರಲಿಲ್ಲ. ಅವ್ವ ಎದ್ದಳು. ಕಿವಿಯಿಂದ ಕೈ ತೆಗೆದಳು. ತನ್ನ ಸೆರಗನ್ನೇ ಹರಿದು ಸಿಂಬಿ ಸುತ್ತಿ ನನ್ನ ತಲೆಯ ಮೇಲಿಟ್ಟು, ಗಡಿಗೆ ಏರಿಸಿ, ಇನ್ನೊಂದನ್ನು ಸೊಂಟಕ್ಕೆ ಕೂರಿಸಿದಳು. "ತಟ್ಟು ಮಗಾ. ನಾನಿಲ್ಲೇ ಇದೀನಿ" ಎಂದಳು.

ತಟ್ಟಿದೆ. ಬೆನ್ನ ಹಿಂದೆ ಗಾಳಿ ಬಂದಂತಾಯಿತು, ಅದರ ಜೊತೆಗೆ ಹುಳಿಮಜ್ಜಿಗೆಯ ವಾಸನೆ. ಜನರೆಲ್ಲ ಬಾಯಿಬಿಟ್ಟುಕೊಂಡು ನನ್ನ ಹಿಂದೆ ನೋಡುತ್ತಿದ್ದರು. ನಾನು ತಿರುಗಲಿಲ್ಲ, ತಲೆಯ ಮೇಲೆ ಗಡಿಗೆ ಇತ್ತಲ್ಲ.

ನಾವು ಮೂವರೂ ಒಳಗೆ ಹೋದಮೇಲೆ ಕದ ಮುಚ್ಚಿಕೊಂಡಿತು. ಅವ್ವ ಬೆಚ್ಚಿಬಿದ್ದು ಸಾಕಜ್ಜಿಯ ಕೈ ಹಿಡಿದಳು. "ಈ ತಟ್ಟು ಗೊತ್ತಿಲ್ದೋರು ಬಂದ್ರೆ?"

"ಬರಕ್ಕಾಗಲ್ಲ."

"ಬೂಟು ಹಾಕ್ಕೊಂಡು ಬಂದ್ರೆ?"

"ಆನೆ ಹತ್ಕೊಂಡು ಬಂದ್ರೂ ಆಗಲ್ಲ ಕಣವ್ವಾ. ಇಲ್ಲಿ ಯಾವ ಮಗೂನೂ ಎದ್ದು ಹೋಗಿ ಯಾರಿಗೂ ಕದ ತೆಗೀಬೇಕಾಗಿಲ್ಲ."

ಅವ್ವ ಅಲ್ಲೇ ಧೂಳಿನ ನೆಲದ ಮೇಲೆ ಕೂತು ನನ್ನನ್ನು ಮಡಿಲಿಗೆ ಎಳೆದುಕೊಂಡಳು. ಅವತ್ತು ಅವಳ ಕೈ ನನ್ನ ಬಾಯಿಗೆ ಬರಲಿಲ್ಲ, ತಲೆಗೆ ಬಂತು. "ತಪ್ಪು ತಟ್ಟಿದೋರ್ದು ಕಣೇ ಹೂವೀ, ತೆಗ್ದೋಳ್ದಲ್ಲ. ಇದನ್ನ ಅವತ್ತೇ ಹೇಳಬೇಕಿತ್ತು ನಿಂಗೆ, ನನ್ನ ನಾಲಿಗೆ ಸತ್ತಿತ್ತು" ಎಂದಳು. ನಾನು ಎಷ್ಟು ಅತ್ತೆನೆಂದರೆ ಲಾರಿ ಹೊರಟ ಸದ್ದೇ ಕೇಳಿಸಲಿಲ್ಲ.

ಮುಂದಿನದು ಊರಿಗೇ ಗೊತ್ತು. ಓಬಳಯ್ಯ ಮೇಸ್ತ್ರಿ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಬಂದು "ಮಿಕ್ಕಿದ್ದು ಆರಿದಾವೆ, ಬಾ" ಎಂದ. ನಾಲ್ಕು ವರ್ಷದಲ್ಲಿ ಆರೂ ತೆರೆದೆವು, ಹೊಳೆ ದಾಟಿ ಬಂದ ಆರು ಸಂಸಾರಗಳು ಅವುಗಳಲ್ಲಿ ಒಲೆ ಹಚ್ಚಿದವು. ಅವನ ನಂತರ ನಾನೇ ಮೇಸ್ತ್ರಿಯಾದೆ. ಈಗ ಜನ ನನ್ನನ್ನು ಕದದ ಹೂವಮ್ಮ ಎನ್ನುತ್ತಾರೆ. ಸಾಕಜ್ಜಿ ಕೊನೆಯುಸಿರಿನವರೆಗೂ ತನ್ನ ಕದವನ್ನು ತಾನೇ ತೆರೆದಳು, ಅವಳ ಬೆನ್ನು ನೋವಿನ ಗುಟ್ಟು ಇವತ್ತಿನವರೆಗೆ ಯಾರಿಗೂ ತಿಳಿದಿರಲಿಲ್ಲ.

ಅವ್ವ ಮಾತ್ರ ಊರಿಗೆ ತಲೆಕೆಟ್ಟಿದೆ ಅನ್ನಿಸುವಂಥ ಕೆಲಸ ಹಿಡಿದಳು. ಪ್ರತಿ ಸೋಮವಾರ ದೋಣಿಕಟ್ಟೆಗೆ ಹೋಗಿ ಹೊಳೆಯಾಚೆ ಹೋಗುವ, ಆಚೆಯಿಂದ ಬರುವ ಎಲ್ಲರಿಗೂ ನಮ್ಮ ಮನೆಯ ತಟ್ಟನ್ನು ಹೇಳಿಕೊಡುವಳು. "ಕೈ ತುಂಬಿರಬೇಕು, ಬೆನ್ನು ತಿರುಗಿಸಿ ಹಿಮ್ಮಡೀಲಿ ತಟ್ಟಬೇಕು, ಹೀಗೆ. ಬುಟ್ಟಿ ಹೆಣೆಯೋರು ಒಬ್ರು ಎಲ್ಲಾದ್ರೂ ಸಿಕ್ಕಿದ್ರೆ ಹೇಳಿ" ಎನ್ನುವಳು. ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲವಲ್ಲ, "ನಿಂಗಯ್ಯ" ಎಂದು ಪಕ್ಕದಿಂದ ಸೇರಿಸಲು ನಾನು ಜೊತೆಗೆ ಹೋಗಬೇಕಿತ್ತು. ಹಿರಿಯರು ಕರೆಸಿ ಗದರಿದರು. "ತಟ್ಟನ್ನ ಹೀಗೆ ಕಂಡೋರಿಗೆಲ್ಲ ಹಂಚಿದ್ರೆ ಮನೆಗೂ ಛತ್ರಕ್ಕೂ ಏನಮ್ಮಾ ವ್ಯತ್ಯಾಸ?" ಅವ್ವ ತಲೆ ಬಗ್ಗಿಸಿಕೊಂಡೇ ಹೇಳಿದಳು: "ಛತ್ರ ಅಂತಲೇ ಅನ್ಕೊಳ್ಳಿ ಸ್ವಾಮಿ. ನಾನು ಕಾಯ್ತಿರೋದು ಒಬ್ರಿಗೆ. ಮಿಕ್ಕೋರು ಬಂದ್ರೆ ಉಂಡು ಹೋಗ್ಲಿ." ಕದ ತಟ್ಟಿದರೆ ಮೂಲೆಗೆ ಮುದುಡಿಕೊಳ್ಳುತ್ತಿದ್ದ ಹೆಂಗಸು ಇವಳೇನಾ ಎಂದು ನನಗೇ ಅನ್ನಿಸಿತು.

ಹಾಗೆ ಹದಿನೇಳು ವರ್ಷ ಕಳೆಯಿತು. ಬಂದವರೆಲ್ಲ ಉಂಡು ಹೋದರು. ಅಪ್ಪ ಬರಲಿಲ್ಲ. ಆಗ ನನಗೆ ಇಪ್ಪತ್ತಾರು, ಚೊಚ್ಚಲ ಬಸುರಿ. ಒಂದು ಮಧ್ಯಾಹ್ನ ಅವ್ವ ಮಜ್ಜಿಗೆ ಕಡೆಯುತ್ತಿದ್ದಳು. ಕದದ ಮೇಲೆ ದಡ್... ದಡ್ ದಡ್ ಎಂದಿತು. ಕದ ತೆರೆಯತೊಡಗಿತು. ಅಷ್ಟರಲ್ಲಿ ಹೊರಗಿನಿಂದ ಎರಡು ಕೆಮ್ಮು, ಆಮೇಲೆ ಮೂಗಿನಲ್ಲಿ ಎತ್ತಿನಂತೆ ಒಂದು ಬುಸ್.

ಅವ್ವನ ಕೈಯಲ್ಲಿ ಕಡೆಗೋಲು ನಿಂತುಹೋಯಿತು.

ಬಂದವನು ಅಪ್ಪನಲ್ಲ. ನನ್ನಷ್ಟೇ ವಯಸ್ಸಿನ ಬಡಕಲು ಆಳು. ತಲೆಯ ಮೇಲೊಂದು ಕಲ್ಲು, ಸೊಂಟದ ಮೇಲೊಂದು ಕಲ್ಲು ಹೊತ್ತು ಏದುಸಿರು ಬಿಡುತ್ತಿದ್ದ. "ಕೈ ತುಂಬಿರಬೇಕು ಅಂದಿದ್ರು ತಾಯಿ. ನನ್ನ ಹತ್ರ ಏನೂ ಇರಲಿಲ್ಲ, ಹೊಳೆದಂಡೇಲಿ ಇವನ್ನ ಎತ್ಕೊಂಡೆ" ಎಂದ.

"ಕೆಮ್ಮಿದ್ದು ಯಾಕಪ್ಪಾ?" ಅವ್ವನ ದನಿ ಬಲು ಸಣ್ಣಗಿತ್ತು.

"ಅದೂ ಸೇರೇ ತಟ್ಟು ಅಂತ ಹೇಳ್ಕೊಟ್ರು. ಕಲ್ಲುಗಣೀಲಿ ನಮ್ಮ ಜೊತೆ ಇದ್ರು, ಬುಟ್ಟಿ ನಿಂಗಯ್ಯಜ್ಜ. ಯಾರೋ ದೋಣಿಯೋರಿಂದ ಈ ತಟ್ಟು ಅವ್ರಿಗೆ ಸಿಕ್ಕಿತ್ತಂತೆ. ಕಲ್ಲು ಹೊರೋವಾಗೆಲ್ಲ ಹಿಮ್ಮಡೀಲಿ ಅದನ್ನೇ ತಟ್ಟೋರು. ಎರಡು ಮಳೆಗಾಲದ ಹಿಂದೆ ತೀರ್ಕೊಂಡ್ರು. ಕೊನೆಕೊನೆಗೆ ಕಾಲು ನಡೀತಿರಲಿಲ್ಲ, ಇಲ್ದಿದ್ರೆ ಬಂದೇ ಬರ್ತಿದ್ರು." ಅವನು ನನ್ನ ಕಡೆ ತಿರುಗಿದ. "ಹೂವಿ ನೀವೇನಾ? ನನ್ನ ಮಗಳು ಯಾರೂ ತೆಗೀದ ಕದ ತೆಗ್ದವ್ಳೆ ಅಂತ ಗಣಿಗೆಲ್ಲ ಹೇಳ್ಕೊಂಡು ತಿರುಗೋರು. ಬೂಟಿನೋರ ಮುಂದೆನೂ ಹೇಳೋರು."

ಅವ್ವ ಎದ್ದು ಒಂದು ಲೋಟ ಮಜ್ಜಿಗೆ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಅವನು ಕುಡಿಯುವುದನ್ನೇ ನೋಡುತ್ತ ನಿಂತಳು. ಕುಡಿದಾದ ಮೇಲೆ "ಇನ್ನೊಂದು ಸಲ ಕೆಮ್ಮಪ್ಪಾ" ಎಂದಳು. ಅವನು ಕೆಮ್ಮಿದ. ಅವ್ವ ನಕ್ಕಳು, ಅತ್ತಳು, ಗೋಡೆ ಹಿಡಿದು ಕೂತಳು.

ಅವ್ವ ಹೋಗಿ ಈಗ ಬಹಳ ವರ್ಷವಾಯಿತು. ಸೋಮವಾರ ದೋಣಿಕಟ್ಟೆಗೆ ಹೋಗುವ ಕೆಲಸ ನನ್ನದಾಗಿದೆ. ಹೊಳೆಯಾಚೆ ಬೂಟಿನ ಬಣ್ಣ ಬದಲಾಗಿದೆ ಅಷ್ಟೆ, ಜನ ಇನ್ನೂ ಬರುತ್ತಲೇ ಇದ್ದಾರೆ. ಆ ಎರಡು ಕಲ್ಲುಗಳನ್ನು ನಾನು ಜಗಲಿಯ ಮೇಲೆ ಹಾಗೇ ಇಟ್ಟಿದ್ದೇನೆ. ಬರುವವರಲ್ಲಿ ಬಹಳ ಜನರ ಕೈ ಖಾಲಿ ಇರುತ್ತದೆ, ಎತ್ತಿಕೊಂಡು ತಟ್ಟಲಿ ಅಂತ.